ಮದುಮಗನೇ ಮಹಾರಾಜ

ಹೋದ ತಿಂಗಳು ಮಲೇಷ್ಯಾದ ಶಾ ಆಲಂನಲ್ಲಿ ನಮ್ಮ ಎದುರುಮನೆ ಮಲಯ ಕುಟುಂಬದ ಮಗನ ಮದುವೆ. ರಸ್ತೆಗೇ ಶಾಮಿಯಾನ ಹಾಕಿದ್ದರು. ಕೊಂಪಾಂಗ್ ಅನ್ನುವ ಕೈತಮಟೆ ಬಡಿಯುತ್ತ ಗಂಡುಹೆಣ್ಣನ್ನು ಕರೆತಂದವರು ವೇದಿಕೆ ಹತ್ತಿರ ಬಂದು ನಿಂತುಬಿಟ್ಟರು. ಸೊಂಟಕ್ಕೆ ಪಟ್ಟಿ ಬಿಗಿದ, ಕಪ್ಪು ಬಟ್ಟೆಯ ಇಬ್ಬರು ಮಲಯರ ಕಾದಾಟದ ಕಲೆ ಸಿಲಾಟ್ ಆಡಲು ಬರಿಗಾಲಲ್ಲಿ ಮುಂದೆ ಬಂದರು. ಅವರಲ್ಲೊಬ್ಬ, ನನ್ನ ಬೈಕ್ ರಿಪೇರಿ ಮಾಡುವ ಮೂಲೆ ಅಂಗಡಿಯ ಹುಡುಗ! ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಹಾಗೇ ಇತ್ತು.

ಮಂಡಿಯೂರಿ ಮದುಮಗನಿಗೆ ಕೈಮುಗಿದ. ಆಮೇಲೆ ಎದ್ದವನು ನಾನು ದಿನಾ ನೋಡುವ ಹುಡುಗನೇ ಅಲ್ಲ. ಬೆರಳು ಒಂದೊಂದಾಗಿ ಬಿಚ್ಚಿಕೊಂಡವು, ಪಾದ ನೆಲ ಸವರಿಕೊಂಡೇ ಸರಿಯಿತು. ಈ ಕೈಚಲನೆಗೆ ಇವರು ಬುಂಗ, ಅಂದರೆ ಹೂವು ಅನ್ನುತ್ತಾರೆ. ಹೊಡೆತ, ಪಟ್ಟುಗಳಿಗೆ ಬುವಾಹ್, ಹಣ್ಣು. ಕಲಿಸುವವರಿಗೆ ಗುರು ಅಂತಲೇ ಹೆಸರು.

ಮದುವೆಯಲ್ಲಿ ಆಡುವ ಇದು ಸಿಲಾಟ್ ಪುಲುತ್. ಮದುವೆ ದಿನ ಗಂಡುಹೆಣ್ಣು ‘ರಾಜ ಸೆಹಾರಿ’, ಒಂದು ದಿನದ ರಾಜ. ರಾಜನೆಂದ ಮೇಲೆ ಅವನ ಮುಂದೆ ವೀರರು ತಮ್ಮ ವಿದ್ಯೆ ತೋರಿಸಬೇಕು. ಅವನು ಲಾರಿ ಡ್ರೈವರ್ ಆದರೂ ಸರಿ.

ಇದನ್ನು ಕೇಳಿದಾಗ ಹೊಟ್ಟೆಯಲ್ಲಿ ಏನೋ ಚುರುಕ್ ಅಂತು. ಮೈಸೂರಿನವನು ನಾನು. ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತೆ. ತಲೆ ಬೋಳಿಸಿಕೊಂಡು ಇಳಿಯುತ್ತಾರೆ, ಒಂದು ಹನಿ ರಕ್ತ ಬಂದರೆ ಮುಗೀತು. ಅದೂ ರಾಜರ ಮುಂದಿನ ವಿದ್ಯೆಯೇ. ಆದರೆ ನಮ್ಮದು ಅರಮನೆಯ ಗೋಡೆ ದಾಟಲೇ ಇಲ್ಲ. ಇವರದು ಬೀದಿಗೆ ಬಂದು ಪ್ರತಿ ಮದುಮಗನ ಎದುರು ಮಂಡಿಯೂರಿತು. ನಮ್ಮ ಆರತಕ್ಷತೆಯಲ್ಲಿ ಏನಿದೆ? ಆರ್ಕೆಸ್ಟ್ರಾ, ಕಿವಿ ಕಿತ್ತುಹೋಗುವಷ್ಟು ಸ್ಪೀಕರು, ಡ್ರೋನ್ ಕ್ಯಾಮರಾ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಗರಡಿಯಲ್ಲಿ ಬೆಳಗಿನ ಜಾವವೇ ಮಣ್ಣು ಹದಮಾಡುವ ಸದ್ದು ಕೇಳುತ್ತಿತ್ತು. ಈಗ ಅದರ ಬಾಗಿಲು ತೆಗೆಯುವುದು ದಸರಾ ಹತ್ತಿರ ಬಂದಾಗ ಮಾತ್ರ.

ಇಲ್ಲಿ ನಮ್ಮ ಫ್ಲಾಟಿನ ಕೆಳಗೆ ವಾರಕ್ಕೆರಡು ಸಂಜೆ ಸಿಲಾಟ್ ಪಾಠ. ಹಿಜಾಬ್ ತೊಟ್ಟ ಹುಡುಗಿಯರು ಹುಡುಗರ ಸರಿಸಮ ಒದೆಯುತ್ತಾರೆ. ನಮ್ಮ ಗರಡಿಯ ಹೊಸ್ತಿಲನ್ನು ನನ್ನಕ್ಕ ಒಮ್ಮೆಯೂ ದಾಟಲಿಲ್ಲ, ಬಿಡಲಿಲ್ಲ. ಇವರದು ಬರೀ ಮದುವೆಯ ಶೋಭೆಯಾಗಿಯೂ ಉಳಿದಿಲ್ಲ. 1980ರಲ್ಲಿ ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರ, ಬ್ರೂನೈ ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪದಕದ ಆಟವಾಯಿತು. ಮರುವರ್ಷ ಯುನೆಸ್ಕೋ ಪಟ್ಟಿಗೂ ಸೇರಿತು. ಪಂದ್ಯದಲ್ಲಿ ಗುದ್ದಿಗೆ ಒಂದು ಅಂಕ, ಒದೆತಕ್ಕೆ ಎರಡು, ಕೆಡವಿದರೆ ಮೂರು. ಎದೆಗೆ ದಪ್ಪ ಕವಚ ಕಟ್ಟಿ ಆಡುವಾಗ ಆ ಹೂವಿನ ಕೈ ಕಾಣುವುದೇ ಕಡಿಮೆ. ಅದು ನನಗೆ ಅಷ್ಟು ಹಿಡಿಸಲಿಲ್ಲ.

ಇಷ್ಟೆಲ್ಲ ಹೇಳುವಾಗ ಹೆಂಡತಿ ತಡೆದಳು. “ಕೊಡಗಿನವರ ಮದುವೇಲಿ ಕತ್ತಿ ಹಿಡಿದು ಬಾಳೆದಿಂಡು ಕಡಿಯಲ್ವೇನ್ರೀ? ಹಳಿಯಾಳದ ಹುಡುಗೀರು ಕುಸ್ತಿ ಆಡಲ್ವಾ?” ಹೌದು, ಒಪ್ಪಲೇಬೇಕು. ಇನ್ನೊಂದನ್ನೂ ಒಪ್ಪಬೇಕು: ಅವತ್ತು ಆ ಇಬ್ಬರು ಒಬ್ಬರಿಗೊಬ್ಬರು ತಾಗಲೇ ಇಲ್ಲ, ಎಲ್ಲ ಗಾಳಿಯಲ್ಲೇ ಮುಗಿಯಿತು. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿತು ಅಂದರೆ ಹತ್ತಿತು, ಅಲ್ಲಿ ನಟನೆ ನಡೆಯಲ್ಲ. ನಮ್ಮ ಗರಡಿಯ ಆ ಮಣ್ಣಿನಲ್ಲಿ ಸಾಬರ ಹುಡುಗರೂ ನಾವೂ ಒಟ್ಟಿಗೇ ಹೊರಳಾಡಿದ್ದೇವೆ.

ಮುಂದಿನ ವೈಶಾಖದಲ್ಲಿ ಮೈಸೂರಲ್ಲೇ ಮಗಳ ಮದುವೆ. ಆರ್ಕೆಸ್ಟ್ರಾ ಬೇಡ, ಎರಡು ಜೋಡಿ ಕುಸ್ತಿ ಆಡಿಸೋಣ ಅಂತ ಗರಡಿಯ ಉಸ್ತಾದರಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಛತ್ರದಲ್ಲಿ ಮಣ್ಣೆಲ್ಲಿದೆ ಸ್ವಾಮಿ, ಎಲ್ಲಾ ಗ್ರಾನೈಟು” ಅಂದರು. ಪಕ್ಕದಲ್ಲಿ ಖಾಲಿ ಸೈಟಿದೆ, ಎರಡು ಲೋಡು ಕೆಮ್ಮಣ್ಣು ಹೊಡೆಸ್ತೀನಿ ಅಂದಿದ್ದೇನೆ.