ಮಂಡಿನೋವಿಗೆ ಬರೀ ವಿಶ್ರಾಂತಿ ಸಾಲದು

"ಮಂಡಿ ಸವೆದವರು ಓಡಾಟ ಬಿಟ್ಟು ವಿಶ್ರಾಂತಿ ತಗೊಳ್ಳಿ" ಅಂತ ಮಂಡಿನೋವಿನ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿದೆ. ಇದನ್ನು ನಾನು ಒಪ್ಪಲ್ಲ. ಕೀಲಿನ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿಗೆ ಹೊದ್ದಿರುವ ನುಣುಪಾದ ಪದರಕ್ಕೆ, ರಕ್ತನಾಳವೇ ಇಲ್ಲ. ಕಾಲು ಆಡಿಸಿದಾಗ ಕೀಲಿನೊಳಗಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುತ್ತದೆ. ಸುಮ್ನೆ ಕೂತರೆ ತೊಡೆಯ ಸ್ನಾಯು ಸೊರಗಿ ಮಂಡಿಗೆ ಇನ್ನೂ ಜಾಸ್ತಿ ಪೆಟ್ಟು, ಅಲ್ವಾ?

ನಮ್ಮವ್ವ ಬ್ಯಾಡಗಿಯಲ್ಲಿ ವರ್ಷಗಟ್ಟಲೆ ನೆಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಏಳಬೇಕಾದರೆ ಗೋಡೆ ಹಿಡಿಯಬೇಕಿತ್ತು. ಹಾವೇರಿಯ ಫಿಸಿಯೋಥೆರಪಿಸ್ಟ್ ಒಬ್ಬರು ಹೇಳಿಕೊಟ್ಟದ್ದು ಇಷ್ಟೇ: ಕಾಲು ಚಾಚಿ, ಸುತ್ತಿದ ಟವೆಲ್ ಮಂಡಿ ಕೆಳಗಿಟ್ಟು ಒತ್ತಬೇಕು, 5 ಎಣಿಸಿ ಬಿಡಬೇಕು. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳೋದು. ಈಗ ಸಂತೆಗೆ ನಡೆದೇ ಹೋಗುತ್ತಾಳೆ. ತೊಟ್ಟು ಬಿಡಿಸುವಾಗ ಮಣೆ ಹಾಕಿಕೊಳ್ಳುತ್ತಾಳೆ, ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕುತ್ತಾಳೆ.

ನಮ್ಮ ಕಡೆ ಫಿಸಿಯೋಥೆರಪಿ ಅಂದರೆ "ಕರೆಂಟ್ ಕೊಡಿಸ್ಕೊಂಡು ಬರೋದು" ಅಂತಲೇ ಜನ ತಿಳಿದಿದ್ದಾರೆ. ಯಂತ್ರದಿಂದ ನೋವು ಸ್ವಲ್ಪ ಹೊತ್ತು ಇಳಿಯಬಹುದು, ಸ್ನಾಯು ಗಟ್ಟಿಯಾಗೋದು ವ್ಯಾಯಾಮದಿಂದಲೇ. ಲೇಖಕರು ಇದನ್ನು ಬರೆಯಬೇಕಿತ್ತು. ಮಂಡಿ ಬಾತು ಬಿಸಿಯಾಗಿದ್ದರೆ, ಜ್ವರವಿದ್ದರೆ ಮೊದಲು ವೈದ್ಯರಿಗೇ ತೋರಿಸಿ ಅನ್ನೋದನ್ನೂ ದಯವಿಟ್ಟು ಸೇರಿಸಿ.