ಮಾರಿ ಮುಗಿಸುವುದು, ಮಾರಿ ಜೊತೆಗಿರುವುದು

ನಾಡು ಬಿಟ್ಟು ಬಂದು ಹಲವು ವರ್ಷಗಳಾದವು. ಬಿಡುವ ಮುಂಚೆಯೂ ಇದೇ ಕಸುಬು, ಬಂದ ಮೇಲೂ ಇದೇ ಕಸುಬು: ಯಾರೋ ತಯಾರಿಸಿದ ಕಂಪ್ಯೂಟರ್, ಸರ್ವರ್, ನೆಟ್‌ವರ್ಕ್ ಸಾಮಾನು, ಸಾಫ್ಟ್‌ವೇರ್ ಲೈಸೆನ್ಸುಗಳನ್ನು ಡಿಸ್ಟ್ರಿಬ್ಯೂಟರ್ ಹತ್ತಿರ ತೆಗೆದುಕೊಂಡು ಕಚೇರಿಗಳಿಗೆ ಮಾರುವುದು. ಎರಡು ಕಡೆ ದುಡಿದವನಿಗೆ ಹೋಲಿಸಿ ನೋಡುವ ಅಭ್ಯಾಸ ತಾನಾಗಿಯೇ ಬರುತ್ತದೆ. ಆದರೆ ನನಗೆ ಕಂಡ ವ್ಯತ್ಯಾಸ ಒಳನಾಡು–ಹೊರನಾಡಿನದ್ದಲ್ಲ. ಎಲ್ಲ ಕಡೆಯೂ ಎರಡು ಬಗೆಯ ರೀಸೆಲ್ಲರ್‌ಗಳಿದ್ದಾರೆ. ಕೆಲವರು ಮಾರಿ ಮುಗಿಸುತ್ತಾರೆ. ಕೆಲವರು ಮಾರಿದ ಮೇಲೂ ಗಿರಾಕಿಯ ಜೊತೆಗಿರುತ್ತಾರೆ. ನನ್ನ ದುಡಿಮೆಯ ಮೊದಲರ್ಧ ಹೋದದ್ದು ಮೊದಲ ಬಗೆಯಲ್ಲಿ. ಎರಡನೆಯದನ್ನು ಕಲಿತದ್ದು ಹೊರಗೆ ಬಂದ ಮೇಲೆ. ಕಲಿಸಿದವರ ಋಣ ನನ್ನ ಮೇಲಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿಂದಿನ ಕಡೆ ಬೆಳಿಗ್ಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ, 'ಟಾರ್ಗೆಟ್ ಎಲ್ಲಿಗೆ ಬಂತು?' ಎಂಬುದು. ಇಲ್ಲಿ ಸೇರಿದ ವಾರವೇ ಹಿರಿಯರೊಬ್ಬರು ಬೇರೆಯೇ ಪ್ರಶ್ನೆ ಕೇಳಿದರು: "ನಿಮ್ಮ ಕೈಯಲ್ಲಿರುವ ಗಿರಾಕಿಗಳ ಹತ್ತಿರ ಈಗ ಏನೇನು ನಡೆಯುತ್ತಿದೆ, ಯಾವುದು ಯಾವತ್ತು ಮುಗಿಯುತ್ತದೆ, ಬರೆದು ಕೊಡಿ." ನಾನು ಇನ್‌ವಾಯ್ಸ್‌ಗಳನ್ನು ಮುಂದಿಟ್ಟೆ. ಅವರು ತಿರುವಿಯೂ ನೋಡಲಿಲ್ಲ. "ಇದು ನೀವು ಮಾರಿದ್ದು. ಅವರು ಬಳಸುತ್ತಿರುವುದು ಎಲ್ಲಿ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮಾರಿ ಮುಗಿಸುವ ದಾರಿ ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ತನ್ನ ಮಾರಾಟಗಾರರನ್ನಷ್ಟೇ ನಂಬಲಿಲ್ಲ. ಕಂಪ್ಯೂಟರ್‌ಲ್ಯಾಂಡ್, ಸಿಯರ್ಸ್ ಅಂಗಡಿಗಳ ಮೂಲಕವೂ ಮಾರಿತು. ಅದರ ಬೆನ್ನಿಗೇ ಬಂದ ಕಾಂಪ್ಯಾಕ್ ಡೀಲರ್‌ಗಳನ್ನೇ ನೆಚ್ಚಿ ಬೆಳೆಯಿತು. ಯಾವ ಯಂತ್ರಕ್ಕೆ ಯಾವ ಕಾರ್ಡ್ ಹೊಂದುತ್ತದೆ, ಬೆಲೆ ಎಷ್ಟು ಎಂಬುದೆಲ್ಲ ಆಗ ಡೀಲರನ ತಲೆಯಲ್ಲಿತ್ತು. ಗಿರಾಕಿ ಮಾರ್ಜಿನ್ ಕೊಡುತ್ತಿದ್ದುದು ಆ ತಿಳಿವಳಿಕೆಗೆ. 1984ರಲ್ಲಿ ಶುರುವಾದ ಡೆಲ್ ನೇರ ಮಾರಾಟದ ದಾರಿ ತೆರೆಯಿತು, ಆಮೇಲೆ ಅಂತರ್ಜಾಲ ಬಂತು. ಈಗ ಕೊಟೇಶನ್ ಕಳಿಸುವ ಮೊದಲೇ ಗಿರಾಕಿಗೆ ನಮಗಿಂತ ಚೆನ್ನಾಗಿ ಬೆಲೆ ಗೊತ್ತಿರುತ್ತದೆ. ಪೆಟ್ಟಿಗೆಯ, ಅಂದರೆ ಮಾರುವ ಸಾಮಾನಿನ, ಮೇಲೆ ಉಳಿಯುವುದು ಕೂದಲೆಳೆಯಷ್ಟು. ಅದನ್ನು ತುಂಬಿಕೊಳ್ಳಲು ಮೂರು ತಿಂಗಳ ಟಾರ್ಗೆಟ್ ಮುಟ್ಟಿದರೆ ಕಂಪನಿ ಕೊಡುವ ರಿಬೇಟ್ ಹಿಂದೆ ಬಿದ್ದು, ಬೇಡದ ಸ್ಟಾಕನ್ನು ಗಿರಾಕಿಯ ತಲೆಗೆ ಕಟ್ಟಿದ ದಿನಗಳು ನನಗೆ ನೆನಪಿವೆ.

ಆಮೇಲೆ ಚಂದಾ ಪದ್ಧತಿ ಬಂತು: ಸಾಫ್ಟ್‌ವೇರನ್ನು ಒಮ್ಮೆಗೇ ಕೊಳ್ಳದೆ, ತಿಂಗಳಿಗೋ ವರ್ಷಕ್ಕೋ ಹಣ ಕಟ್ಟಿ ಬಳಸುವುದು. 2011ರಲ್ಲಿ ಮೈಕ್ರೋಸಾಫ್ಟ್‌ನ ಆಫೀಸ್ 365 ಬಂತು. 2013ರಲ್ಲಿ ಅಡೋಬಿ ಕಂಪನಿ, ಇನ್ನು ಮುಂದೆ ಹೊಸ ಆವೃತ್ತಿಗಳು ಚಂದಾದಲ್ಲಿ ಮಾತ್ರ ಎಂದು ಹೇಳಿಬಿಟ್ಟಿತು. ಇದರ ಬಗ್ಗೆ ಮಾತಾಡುವಾಗ ಬಹುಪಾಲು ಜನ 'ತಿಂಗಳು ತಿಂಗಳು ಆದಾಯ ಬರುತ್ತದೆ' ಎಂದು ಖುಷಿಪಡುತ್ತಾರೆ. ನಡುವಿನ ತಗ್ಗನ್ನು ಯಾರೂ ತೋರಿಸುವುದಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಹಳೆಯ ರೀತಿಯಲ್ಲಿ ಒಂದು ಮಾರಾಟದಿಂದ ಒಮ್ಮೆಲೇ 36 ಪಾಲು ಲಾಭ ಎಂದಿಟ್ಟುಕೊಳ್ಳಿ. ಚಂದಾದಲ್ಲಿ ಅದೇ ಮಾರಾಟ ತಿಂಗಳಿಗೆ ಒಂದೊಂದು ಪಾಲು ಕೊಡುತ್ತದೆ. ತಿಂಗಳಿಗೊಬ್ಬ ಹೊಸ ಗಿರಾಕಿ ಸಿಕ್ಕರೆ, ಹಳೆಯ ದಾರಿಯವನಿಗೆ ಮೂರು ವರ್ಷದಲ್ಲಿ 1296 ಪಾಲು. ಚಂದಾ ದಾರಿಯವನಿಗೆ ಮೊದಲ ತಿಂಗಳು 1, ಎರಡನೇ ತಿಂಗಳು 2, ಹೀಗೆ ಏರುತ್ತಾ ಮೂವತ್ತಾರನೇ ತಿಂಗಳಿಗೆ 36. ಒಟ್ಟು 666. ಅಂದರೆ ಹೆಚ್ಚುಕಡಿಮೆ ಅರ್ಧ. ಸಂಬಳ, ಬಾಡಿಗೆ ಮಾತ್ರ ಅರ್ಧವಾಗುವುದಿಲ್ಲ.

ಅದೇ ಲೆಕ್ಕದ ಇನ್ನೊಂದು ಮುಖವೂ ಇದೆ. ಮೂವತ್ತೇಳನೇ ತಿಂಗಳು ಒಬ್ಬ ಹೊಸ ಗಿರಾಕಿಯೂ ಬರದಿದ್ದರೆ ಹಳೆಯ ದಾರಿಯವನ ಗಳಿಕೆ ಸೊನ್ನೆ. ಚಂದಾದವನಿಗೆ, ಇದ್ದ ಗಿರಾಕಿಗಳು ಮುಂದುವರಿದರೆ, ಆ ತಿಂಗಳೂ 36. ಈ ತಗ್ಗನ್ನು ದಾಟಿದವರನ್ನು ಹತ್ತಿರದಿಂದ ಕಂಡಿದ್ದೇನೆ. ಅವರು ಇಡೀ ವ್ಯಾಪಾರವನ್ನು ಒಂದೇ ದಿನ ಮಗುಚಿ ಹಾಕಲಿಲ್ಲ. ಪೆಟ್ಟಿಗೆ ಮಾರಾಟದ ಹಣದಲ್ಲಿ ಸಂಬಳ ನಡೆಸಿಕೊಂಡೇ ಮೊದಲು ಬ್ಯಾಕಪ್ ಒಂದನ್ನು, ಆಮೇಲೆ ಇಮೇಲನ್ನು, ಆಮೇಲೆ ಭದ್ರತೆಯನ್ನು ತಿಂಗಳ ಲೆಕ್ಕಕ್ಕೆ ತಂದರು. ಮಾರಾಟದ ಹುಡುಗರ ಕಮಿಷನ್ನನ್ನೂ ಬದಲಿಸಿದರು. ಹೊಸ ಆರ್ಡರ್ ತಂದಿದ್ದಕ್ಕೆ ಸ್ವಲ್ಪ, ವರ್ಷದ ಕೊನೆಗೆ ರಿನ್ಯೂವಲ್ ಆದರೆ ಉಳಿದದ್ದು. ಇದೊಂದನ್ನು ಬದಲಿಸದೆ ಉಳಿದದ್ದೆಲ್ಲ ಬದಲಿಸಿದ ಕಡೆ ಹುಡುಗರು ಮೊದಲಿನಂತೆಯೇ ಪೆಟ್ಟಿಗೆ ಮಾರುತ್ತಿದ್ದರು. ಅವರನ್ನು ದೂರಿ ಫಲವಿಲ್ಲ, ಹಣ ಬರುತ್ತಿದ್ದುದೇ ಅದಕ್ಕೆ.

ಚಂದಾದಲ್ಲಿ ಅಪಾಯವೂ ರೀಸೆಲ್ಲರ್ ಕಡೆಗೇ ಸರಿದಿದೆ. ಮೈಕ್ರೋಸಾಫ್ಟ್ 2022ರಲ್ಲಿ ತಂದ ಹೊಸ ನಿಯಮದಂತೆ, ವರ್ಷದ ಒಪ್ಪಂದ ಮಾಡಿದ ಮೇಲೆ ಮೊದಲ ಏಳು ದಿನ ಕಳೆದರೆ ಅವಧಿ ಮುಗಿಯುವವರೆಗೂ ಸೀಟುಗಳನ್ನು (ಒಬ್ಬೊಬ್ಬ ಬಳಕೆದಾರನಿಗೆ ಒಂದರಂತೆ ಕೊಂಡ ಲೈಸೆನ್ಸುಗಳನ್ನು) ಕಡಿಮೆ ಮಾಡುವಂತಿಲ್ಲ. ಗಿರಾಕಿ ಅರ್ಧದಲ್ಲಿ ಕೈಬಿಟ್ಟರೆ ಮೇಲಿನವರಿಗೆ ಹಣ ಕಟ್ಟಬೇಕಾದವರು ನಾವು. ಗಿರಾಕಿಯೊಡನೆ ಬರೆದುಕೊಂಡ ಕರಾರಿನಲ್ಲಿ ಅದೇ ಷರತ್ತು ಇಲ್ಲದಿದ್ದರೆ ಒಂದು ಕಚೇರಿ ಮುಚ್ಚಿದ್ದು ಸಾಕು, ವರ್ಷದ ಲಾಭ ನೆಲಕಚ್ಚುತ್ತದೆ.

ಒಂದೇ ಕಂಪನಿಯನ್ನು ನೆಚ್ಚಿ ಬದುಕುವುದರ ಪಾಠ 2023ರ ಕೊನೆಗೆ ಸಿಕ್ಕಿತು. ನವೆಂಬರ್ 22ರಂದು ಬ್ರಾಡ್‌ಕಾಮ್ ಕಂಪನಿ, ಒಂದು ಸರ್ವರ್ ಒಳಗೆ ಹಲವು ಯಂತ್ರ ನಡೆಸುವ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಅನ್ನು ಕೊಂಡಿತು. ಡಿಸೆಂಬರಿನಲ್ಲಿ ಶಾಶ್ವತ ಲೈಸೆನ್ಸುಗಳ ಮಾರಾಟ ನಿಂತಿತು. ಮರುವರ್ಷದ ಆರಂಭದಲ್ಲಿ ಹಳೆಯ ಪಾರ್ಟ್‌ನರ್ ವ್ಯವಸ್ಥೆ ಮುಗಿದು, ಆಹ್ವಾನ ಬಂದವರಿಗಷ್ಟೇ ಹೊಸದರಲ್ಲಿ ಜಾಗ ಎಂದಾಯಿತು. ವರ್ಷಗಟ್ಟಲೆ ಅದನ್ನೇ ಮಾರಿದವರ ಬಾಗಿಲು ಮುಚ್ಚಿತು. ಆಗ ನಾನು ಗಮನಿಸಿದ್ದು ಇಷ್ಟು: ಪ್ರಾಡಕ್ಟ್ ಕೋಡ್‌ಗಳನ್ನಷ್ಟೇ ಬಲ್ಲವರು ಕಂಗಾಲಾದರು. ಒಂದು ಯಂತ್ರದೊಳಗೆ ಹತ್ತು ಯಂತ್ರ ನಡೆಸುವ ಆ ವಿದ್ಯೆಯನ್ನೇ ಬಲ್ಲವರಿಗೆ ಕೈತುಂಬ ಕೆಲಸ ಬಂತು. ಹೈಪರ್-ವಿ, ಪ್ರಾಕ್ಸ್‌ಮಾಕ್ಸ್, ನ್ಯೂಟಾನಿಕ್ಸ್ ಎಂಬ ಬದಲಿಗಳಲ್ಲಿ ಯಾವುದು ತಮಗೆ ಒಗ್ಗುತ್ತದೆ, ಸಾಗಿಸಲು ಎಷ್ಟು ದಿನ ಬೇಕು, ಸಾಗಿಸದೆ ಇದ್ದಲ್ಲೇ ಇರುವುದು ಲೇಸೇ ಎಂದು ಗಿರಾಕಿಗಳು ಕೇಳಿದರು. ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದೇ ಹಣ ಪಡೆದು ಮಾಡುವ ಕೆಲಸವಾಯಿತು.

ಎರಡು ದಾರಿಗಳ ವ್ಯತ್ಯಾಸ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ವಿಂಡೋಸ್ 10ರ ವಿಷಯದಲ್ಲಿ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ಆ ದಿನಾಂಕ ವರ್ಷಗಳ ಮೊದಲೇ ಗೊತ್ತಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಮಾರಿ ಮುಗಿಸುವವರು ಎಲ್ಲ ಗಿರಾಕಿಗಳಿಗೂ ಒಂದೇ ಪತ್ರ ಕಳಿಸಿದರು, ಹೊಸ ಕಂಪ್ಯೂಟರ್ ಕೊಟೇಶನ್ ಲಗತ್ತಿಸಿ. ಜೊತೆಗಿರುವವರು ಗಿರಾಕಿಯ ಯಂತ್ರಗಳ ಪಟ್ಟಿ ತೆಗೆದು ಯಂತ್ರ ಯಂತ್ರ ನೋಡಿದರು. ಎಷ್ಟೋ ಯಂತ್ರಗಳಲ್ಲಿ ಚಿಪ್ ಇತ್ತು, ಬಯೋಸ್ (ಯಂತ್ರದ ಮೂಲ) ಸೆಟ್ಟಿಂಗಿನಲ್ಲಿ ಆಫ್ ಮಾಡಿಟ್ಟಿದ್ದರು ಅಷ್ಟೆ. ಆನ್ ಮಾಡಿದರೆ ಮುಗಿಯಿತು. ಯಾವುದೋ ಹಳೆಯ ಸಾಫ್ಟ್‌ವೇರಿಗೆ ಕಟ್ಟುಬಿದ್ದ ಯಂತ್ರಗಳಿಗೆ ಹಣ ಕಟ್ಟಿ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ದಾರಿ ತೋರಿಸಿದರು. ನಿಜಕ್ಕೂ ಬದಲಿಸಬೇಕಾದವುಗಳಿಗೆ ಮಾತ್ರ ಹೊಸದು ಕೊಟ್ಟು, ಹಳೆಯದರ ಡಿಸ್ಕ್ ಅಳಿಸಿ ಅದಕ್ಕೊಂದು ಪ್ರಮಾಣಪತ್ರ ಕೊಟ್ಟು, ಕೆಲಸಕ್ಕೆ ಬರುವವನ್ನು ದುರಸ್ತಿ ಮಾಡಿ ಮತ್ತೆ ಮಾರಿದರು. ಮೊದಲ ನೋಟಕ್ಕೆ ಇವರು ಮಾರಿದ ಹೊಸ ಪೆಟ್ಟಿಗೆ ಕಡಿಮೆ. ಆದರೆ ಪರಿಶೀಲನೆಗೆ, ಅಳಿಸಿದ್ದಕ್ಕೆ, ದುರಸ್ತಿಗೆ ಎಲ್ಲದಕ್ಕೂ ಬಿಲ್ ಇತ್ತು. ಆ ಗಿರಾಕಿ ಮುಂದಿನ ಸಲ ಬೇರೆಯವರ ಬೆಲೆ ಕೇಳಲೂ ಹೋಗುವುದಿಲ್ಲ. ಹಳೆಯ ಸಾಮಾನಿನ ಈ ದಂಧೆಯನ್ನು ಹಗುರವಾಗಿ ಕಾಣುವವರಿಗೆ ಒಂದು ಮಾತು: ವಿಶ್ವಸಂಸ್ಥೆಯ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದದ್ದು 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋದ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ.

ಭದ್ರತೆಯ ಕೆಲಸವೂ ಹೀಗೆಯೇ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ದಾಳಿ ಜಗತ್ತನ್ನು ನಡುಗಿಸಿದಾಗ, ಅದನ್ನು ತಡೆಯುವ ಪ್ಯಾಚ್ (ಸಾಫ್ಟ್‌ವೇರಿನ ದೋಷ ಮುಚ್ಚುವ ಅಪ್‌ಡೇಟ್) ಮಾರ್ಚ್‌ನಲ್ಲೇ ಬಂದಿತ್ತು. ಪುಕ್ಕಟೆಯಾಗಿ ಸಿಗುತ್ತಿತ್ತು. ಹಾಕುವವರಿರಲಿಲ್ಲ. ಪುಕ್ಕಟೆ ವಸ್ತುವಿನಲ್ಲಿ ಮಾರ್ಜಿನ್ ಎಲ್ಲಿ ಎಂದು ಪೆಟ್ಟಿಗೆ ಮಾರುವವರು ಕೇಳುತ್ತಾರೆ. ಪ್ಯಾಚ್ ಎಲ್ಲ ಯಂತ್ರಕ್ಕೂ ಬಿದ್ದಿದೆ ಎಂದು ತಿಂಗಳಿಗೊಮ್ಮೆ ಕಾಗದದ ಮೇಲೆ ತೋರಿಸುವವರಿಗೆ ಗಿರಾಕಿ ಸಂತೋಷದಿಂದ ಹಣ ಕೊಡುತ್ತಾರೆ. ಆದರೆ ಈ ಕೆಲಸಕ್ಕೆ ಇಳಿಯುವವರು 2021ರ ಜುಲೈ ಮರೆಯಬಾರದು. ಕಸೇಯಾ ಕಂಪನಿಯ ದೂರನಿಯಂತ್ರಣದ ಸಾಫ್ಟ್‌ವೇರಿನ ದೋಷ ಹಿಡಿದು ದಾಳಿಕೋರರು ಸೇವೆ ಕೊಡುವವರ ಮೂಲಕವೇ ಅವರ ಗಿರಾಕಿಗಳೊಳಗೆ ನುಗ್ಗಿದರು. ಪೆಟ್ಟು ತಿಂದ ಸಂಸ್ಥೆಗಳು 800ರಿಂದ 1500ರವರೆಗೆ ಎಂದು ಆ ಕಂಪನಿಯೇ ಅಂದಾಜಿಸಿತು. ಐವತ್ತು ಮನೆಗಳ ಬೀಗದ ಕೈ ಒಂದೇ ಗೊಂಚಲಿನಲ್ಲಿ ಇಟ್ಟುಕೊಂಡವರ ಮನೆಗೇ ಕಳ್ಳ ಮೊದಲು ಬರುತ್ತಾನೆ. ಎರಡು ಹಂತದ ಲಾಗಿನ್, ಗಿರಾಕಿಗೊಂದು ಬೇರೆ ಅಡ್ಮಿನ್ ಖಾತೆ, ಬಿಟ್ಟುಹೋದ ನೌಕರನ ಪಾಸ್‌ವರ್ಡ್ ಅದೇ ದಿನ ರದ್ದು, ಇವನ್ನು ಮೊದಲು ನಮ್ಮ ಕಚೇರಿಯಲ್ಲಿ ಮಾಡಿಕೊಳ್ಳದೆ ಬೇರೆಯವರಿಗೆ ಭದ್ರತೆ ಮಾರುವುದು ತಪ್ಪು ಎಂದೇ ನಾನು ನಂಬಿದ್ದೇನೆ.

ಕೃತಕ ಬುದ್ಧಿಮತ್ತೆಯ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. 2023ರ ನವೆಂಬರ್‌ನಲ್ಲಿ ಕಚೇರಿ ಕೆಲಸದಲ್ಲಿ ನೆರವಾಗುವ ಎಐ ಸಹಾಯಕ ಮೈಕ್ರೋಸಾಫ್ಟ್ 365 ಕೋಪೈಲಟ್ ಮಾರುಕಟ್ಟೆಗೆ ಬಂದಾಗ ಸೀಟು ಲೆಕ್ಕದಲ್ಲಿ ಮಾರುವ ಆತುರ ನನ್ನ ಸುತ್ತಲೂ ಕಂಡಿತು. ಅದು ಕೆಲಸ ಮಾಡುವ ಬಗೆ ಸ್ವಲ್ಪ ತಿಳಿದರೆ ಆತುರ ಇಳಿಯುತ್ತದೆ. ಬಳಕೆದಾರನಿಗೆ ಯಾವ ಯಾವ ಫೈಲು ನೋಡುವ ಅನುಮತಿ ಇದೆಯೋ ಅವೆಲ್ಲವನ್ನೂ ಅದು ಹುಡುಕಿ ಉತ್ತರ ಕೊಡುತ್ತದೆ. ಹಿಂದೆ ಯಾರೋ ಅವಸರದಲ್ಲಿ 'ಎಲ್ಲರಿಗೂ' ಎಂದು ಹಂಚಿಬಿಟ್ಟ ಸಂಬಳದ ಪಟ್ಟಿ, ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿದ್ದದ್ದು, ಒಂದು ಪ್ರಶ್ನೆಗೆ ಎದುರು ಬಂದು ನಿಲ್ಲಬಹುದು. ಆದ್ದರಿಂದ ಲೈಸೆನ್ಸಿಗಿಂತ ಮೊದಲು ಅನುಮತಿಗಳನ್ನು ಶುದ್ಧಮಾಡುವ ಕೆಲಸವಿದೆ. ಯಾವ ವಿಭಾಗದ ಯಾವ ಕೆಲಸಕ್ಕೆ ಇದು ಬೇಕು ಎಂದು ಕೂತು ನೋಡುವ ಕೆಲಸವಿದೆ. ಮೂರು ತಿಂಗಳ ಮೇಲೆ ಯಾರು ಬಳಸುತ್ತಿದ್ದಾರೆ, ಯಾರು ಬಿಟ್ಟರು ಎಂದು ವಿಚಾರಿಸುವ ಕೆಲಸವಿದೆ. ಲೈಸೆನ್ಸಿನ ಮೇಲಿನ ಕಮಿಷನ್‌ಗಿಂತ ಇವುಗಳಲ್ಲೇ ನಮ್ಮ ಪಾಲು ದೊಡ್ಡದು. ಕೆಲಸ ಗುರುತಿಸದೆ ನೂರು ಸೀಟು ಮಾರಿದರೆ ರಿನ್ಯೂವಲ್ ದಿನ ಅವು ಹತ್ತಾಗುತ್ತವೆ, ಜೊತೆಗೆ ನಂಬಿಕೆಯೂ ಹೋಗುತ್ತದೆ.

ಕ್ಲೌಡ್ ಕಂಪನಿಗಳ ಆನ್‌ಲೈನ್ ಸಂತೆಗಳಿಂದ ನಮ್ಮ ಅಗತ್ಯವೇ ಇಲ್ಲವಾಗುತ್ತದೆ ಎಂಬ ಹೆದರಿಕೆ ಪೂರ್ತಿ ಸುಳ್ಳಲ್ಲ. ಆದರೆ 2012ರಿಂದ ನಡೆಯುತ್ತಿರುವ, ಅಮೆಜಾನ್‌ನ ಕ್ಲೌಡ್ ಸಂತೆಯಾದ ಎಡಬ್ಲ್ಯುಎಸ್ ಮಾರ್ಕೆಟ್‌ಪ್ಲೇಸ್‌ನಲ್ಲೂ ರೀಸೆಲ್ಲರ್ ತನ್ನದೇ ದರ ಕೊಟ್ಟು ಮಾರುವ ವ್ಯವಸ್ಥೆ ಈಗ ಇದೆ. ಅದನ್ನು ಕಲಿಯಲು ಕೆಲವು ದಿನ ಸಾಕು.

ನನ್ನ ಒಂದು ತಪ್ಪನ್ನು ಹೇಳಬೇಕು. ನಾಡಿನಲ್ಲಿದ್ದಾಗ ಒಂದು ಕಚೇರಿಗೆ ಸರ್ವರ್ ಮಾರಿದ್ದೆ, ಬ್ಯಾಕಪ್ ಸಾಫ್ಟ್‌ವೇರನ್ನೂ ಮಾರಿದ್ದೆ. ಮೂರು ವರ್ಷದ ಮೇಲೆ ಡಿಸ್ಕ್ ಕೆಟ್ಟಿತೆಂದು ಫೋನ್ ಬಂತು. ಬ್ಯಾಕಪ್ ಇದೆಯಲ್ಲ ಎಂದು ಧೈರ್ಯ ಹೇಳಿ ಹೋದೆ. ಒಂದು ವರ್ಷದ ಹಿಂದೆಯೇ ಅದರ ಲೈಸೆನ್ಸ್ ಮುಗಿದು ಕೆಲಸ ನಿಂತಿತ್ತು. ಅಲ್ಲಿನ ಲೆಕ್ಕದ ಮೇಡಂ ಒಂದು ವರ್ಷದ ವೋಚರುಗಳನ್ನು ಮತ್ತೆ ಕೈಯಿಂದ ಹಾಕಿದರು. ನನಗೆ ಒಂದು ಬೈಗುಳವೂ ಬರಲಿಲ್ಲ, ಲೈಸೆನ್ಸಿನ ದಿನಾಂಕ ನೋಡಿಕೊಳ್ಳುವುದು ನನ್ನ ಕೆಲಸವೆಂದು ಅವರೂ ಎಣಿಸಿರಲಿಲ್ಲ. ಅದೇ ಇಂದಿಗೂ ಚುಚ್ಚುತ್ತದೆ.

ಕಳೆದ ತಿಂಗಳು ನಾಡಿನಿಂದ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. ಸ್ವಂತವಾಗಿ ಈ ವ್ಯಾಪಾರಕ್ಕೆ ಇಳಿದಿದ್ದಾನೆ. "ಅಣ್ಣಾ, ಈಗ ಯಾವ ಕಂಪನಿಯ ಡೀಲರ್‌ಶಿಪ್ ಹಿಡಿದರೆ ಒಳ್ಳೇದು?" ಎಂದ. "ಅದು ಆಮೇಲೆ ನೋಡೋಣ. ನಿನ್ನ ಹತ್ತು ಗಿರಾಕಿಗಳ ಪಟ್ಟಿ ಮಾಡು. ಯಂತ್ರ ಎಷ್ಟು, ವಾರಂಟಿ ಯಾವಾಗ ಮುಗಿಯುತ್ತೆ, ಯಾವ ಚಂದಾ ಯಾವ ದಿನ ಮುಗಿಯುತ್ತೆ, ಬ್ಯಾಕಪ್ಪನ್ನು ಕೊನೇ ಸಲ ವಾಪಸ್ ಹಾಕಿ ನೋಡಿದ್ದು ಯಾವತ್ತು, ಎಲ್ಲ ಬರಿ" ಎಂದೆ. ಎರಡು ವಾರದಲ್ಲಿ ಕಳಿಸಿದ. ಒಂದು ಕಚೇರಿಯ ಫೈರ್‌ವಾಲ್ ಚಂದಾ ನಾಲ್ಕು ತಿಂಗಳ ಹಿಂದೆಯೇ ಮುಗಿದಿತ್ತು, ಅವರಿಗೂ ಗೊತ್ತಿರಲಿಲ್ಲ. ಬ್ಯಾಕಪ್ ಕಾಲಂ ಹತ್ತಕ್ಕೆ ಹತ್ತೂ ಖಾಲಿ. ಈ ಶನಿವಾರ ಮೊದಲನೇ ಗಿರಾಕಿಯ ಕಚೇರಿಗೆ ಹೋಗಿ, ಒಂದು ಫೋಲ್ಡರ್ ವಾಪಸ್ ಹಾಕಿ ನೋಡುತ್ತೇನೆ ಎಂದಿದ್ದಾನೆ.