ಕಣ್ಣೀರಿಗೊಂದು ಬಿ ಫಾರಂ

ಶಾಸಕರು ತೀರಿಕೊಂಡರೆ ಸೂತಕ ಮನೆಯವರಿಗೆ, ಲೆಕ್ಕಾಚಾರ ಪಕ್ಷಕ್ಕೆ. ಹನ್ನೊಂದನೇ ದಿನದ ಎಲೆ ಎತ್ತುವ ಮೊದಲೇ 'ಮನೆಯವರಿಗೇ ಟಿಕೆಟ್ ಕೊಟ್ರೆ ಅನುಕಂಪದ ಅಲೆ ಇರುತ್ತೆ ಸಾರ್' ಎಂಬ ವರದಿ ಹೈಕಮಾಂಡ್ ತಲುಪಿರುತ್ತದೆ. ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು ಎನ್ನುತ್ತದೆ ಕಾನೂನು. ಮೂರೇ ತಿಂಗಳಿಗೆ ಆಗಲಿ ದೇವರೇ, ಅಲೆ ಇಳಿದೀತು ಎನ್ನುತ್ತದೆ ಪಕ್ಷ.

ಅಗಲಿದವರ ಪತ್ನಿಯೇ ಅಭ್ಯರ್ಥಿ. ಪ್ರಚಾರ ಸಭೆಯಲ್ಲಿ ಒಬ್ಬ ಎದ್ದು ನಿಲ್ಲುತ್ತಾನೆ. 'ಕುಡಿಯೋ ನೀರು ಹದಿನೈದು ದಿನಕ್ಕೊಂದ್ಸಲ ಬರ್ತಿದೆಯಲ್ಲ?'

'ಆ ತಾಯಿ ಮುಖ ನೋಡಿ ಮಾತಾಡಪ್ಪ.'

'ಚರಂಡಿಗೆ ಬಿಲ್ ಆಗಿದೆ, ಚರಂಡಿ ಆಗಿಲ್ಲ.'

'ಹೋದವರ ಆತ್ಮಕ್ಕೆ ಶಾಂತಿ ಬೇಡ್ವಾ?'

ಇನ್ನೊಂದು ಮಾತೆತ್ತಿದರೆ ಪಕ್ಕದವರೇ ಗದರುತ್ತಾರೆ, 'ಸುಮ್ನೆ ಕೂತ್ಕೊಳಯ್ಯ, ಮನುಷ್ಯನಾ ನೀನು?' ನೀರು ಕೇಳಲು ಬಂದವನು ಸಾವಿನ ಮನೆಗೆ ಕಲ್ಲೆಸೆದ ಪಾಪ ಹೊತ್ತು ಹಿಂದಿರುಗುತ್ತಾನೆ. ತರ್ಕದ ಪರೀಕ್ಷೆಯಲ್ಲಿ ಇಂಥ ಉತ್ತರ ಬರೆದರೆ ಸೊನ್ನೆ, ವೇದಿಕೆಯಲ್ಲಿ ಶಿಳ್ಳೆ.

ಆ ಹೆಣ್ಣುಮಗಳಿಗೆ ಕ್ಷೇತ್ರದ ಕೊಳವೆಬಾವಿಗಳ ಲೆಕ್ಕ ಗಂಡನಿಗಿಂತ ಚೆನ್ನಾಗಿ ಗೊತ್ತಿರಬಹುದು. ಅದನ್ನು ಹೇಳಲು ಬಿಟ್ಟರೆ ತಾನೇ! ಮೈಕ್ ಹಿಡಿದ ಕೂಡಲೇ 'ಅಕ್ಕಾ, ಜಾಸ್ತಿ ಮಾತು ಬೇಡ, ಸೆರಗೊಡ್ಡಿಬಿಡಿ ಸಾಕು' ಎಂದು ಪಕ್ಕದಲ್ಲಿ ನಿಂತ ಮಾಜಿ ಸಚಿವರು ಪಿಸುಗುಡುತ್ತಾರೆ.

ಈ ಅಲೆಯನ್ನು ನಂಬಿದವರು ಹಳೇ ಫಲಿತಾಂಶ ತೆಗೆದು ನೋಡುವುದಿಲ್ಲ. ಅಗಲಿದ ಶಾಸಕರ ಪತ್ನಿಯರನ್ನು 2017ರಲ್ಲಿ ಗುಂಡ್ಲುಪೇಟೆ, 2019ರಲ್ಲಿ ಕುಂದಗೋಳ ಗೆಲ್ಲಿಸಿದ್ದು ನಿಜ. ಆದರೆ ಅದೇ ಗುಂಡ್ಲುಪೇಟೆ ಮರುವರ್ಷವೇ ಸೋಲಿಸಿತು. 2020ರಲ್ಲಿ ಶಿರಾ, 2021ರಲ್ಲಿ ಬಸವಕಲ್ಯಾಣ ಮೊದಲ ಸಲವೇ ಕೈಬಿಟ್ಟವು. ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಂತೂ 2019ರಲ್ಲಿ ಬದುಕಿದ್ದ ಸುರೇಶ ಅಂಗಡಿಯವರು ಗೆದ್ದದ್ದು 3.9 ಲಕ್ಷ ಮತಗಳ ಅಂತರದಿಂದ. ಅವರು ತೀರಿಕೊಂಡ ಮೇಲೆ, ಅನುಕಂಪವೂ ಸೇರಿ, ಪತ್ನಿಗೆ ಸಿಕ್ಕ ಅಂತರ ಸುಮಾರು 5 ಸಾವಿರ. ಇಂಥ ಅಲೆ ಇನ್ನೊಂದು ಎದ್ದಿದ್ದರೆ ಠೇವಣಿಗೇ ಸಂಚಕಾರ.

ಇಂದಿರಾ ಗಾಂಧಿ ಹತ್ಯೆಯ ಬೆನ್ನಲ್ಲೇ, 1984ರ ಡಿಸೆಂಬರ್‌ನಲ್ಲಿ, ಕರ್ನಾಟಕ 28ರಲ್ಲಿ 24 ಲೋಕಸಭಾ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. 1985ರ ಮಾರ್ಚ್‌ನ ವಿಧಾನಸಭಾ ಚುನಾವಣೆಯಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ಟು ಕಳಿಸಿದರು. ಅಷ್ಟರಲ್ಲಿ ಯಾರ ಕರುಳೂ ಕಲ್ಲಾಗಿರಲಿಲ್ಲ; ಈ ಸಲ ಕೇಳಿದ್ದು ಬೇರೆ ಪ್ರಶ್ನೆ, ಅಷ್ಟೇ.

ಇಷ್ಟೊಂದು ಕರುಣೆಯ ಸರ್ಕಾರ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಮಹಾ ತರ್ಕಪಂಡಿತನಾಗುತ್ತದೆ. ಸಾಲಕ್ಕೆ ಹೆದರಿ ಜೀವ ಬಿಟ್ಟ ರೈತನ ಹೆಂಡತಿ 5 ಲಕ್ಷ ಪರಿಹಾರಕ್ಕೆ ಅರ್ಜಿ ಹಿಡಿದು ಬಂದರೆ 'ಆ ತಾಯಿ ಮುಖ ನೋಡಿ' ಎನ್ನುವವರು ಅಲ್ಲಿಲ್ಲ. ಎಫ್‌ಐಆರ್ ತನ್ನಿ, ಮರಣೋತ್ತರ ಪರೀಕ್ಷೆ ವರದಿ ತನ್ನಿ, ಬ್ಯಾಂಕ್ ಸಾಲದ ಕಾಗದ ತನ್ನಿ, ವಿಧಿವಿಜ್ಞಾನ ಪ್ರಯೋಗಾಲಯದಿಂದ ವರದಿ ಬರಲಿ, ಉಪವಿಭಾಗಾಧಿಕಾರಿಗಳ ಸಮಿತಿ ಸೇರಲಿ. ಕೈಗಡ ತಂದಿದ್ದನಾ? ಅದಕ್ಕೆ ಕಾಗದ ಎಲ್ಲಿದೆ? ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರೆ ಕೇಸ್ ವರ್ಕರ್ ಫೈಲಿನಿಂದ ತಲೆ ಎತ್ತದೆ ಕೇಳುತ್ತಾನೆ:

'ಅಳೋದು ಇದ್ದದ್ದೇ ಕಣಮ್ಮ. ಪಹಣಿ ಯಾರ ಹೆಸರಲ್ಲಿದೆ?'